ಹ್ವೇಚಿನ್ ಕಾದು ತೀರಿಸಿದ ಹಗೆ

ತೈಪೆಯ ಒಂದು ವಕೀಲರ ಕಚೇರಿಯಲ್ಲಿ ತೂ ಹ್ವೇಚಿನ್ ಹನ್ನೊಂದು ವರ್ಷ ಅನುವಾದಕಿಯಾಗಿದ್ದಳು. ಹೊಸದೇನಾದರೂ ಕಂಡುಹಿಡಿದವರು ಚೀನೀ ಭಾಷೆಯಲ್ಲಿ ಬರೆಸಿ ತಂದ ಪೇಟೆಂಟ್ ಅರ್ಜಿಗಳನ್ನು ಅಮೆರಿಕಕ್ಕೆ ಕಳಿಸಲು ಇಂಗ್ಲಿಷಿಗೆ ತಿರುಗಿಸುವುದು ಅವಳ ಕೆಲಸ. ಬೀಗ, ಸೈಕಲ್ಲಿನ ಚೈನು, ಹೊಲಿಗೆ ಯಂತ್ರದ ಸೂಜಿ, ಯಾವುದರ ಅರ್ಜಿ ಬಂದರೂ ಮೊದಲು ಅಂಗಡಿಗೆ ಹೋಗಿ ಅಂಥದೇ ಒಂದನ್ನು ಕೊಂಡು ತಂದು, ಬಿಚ್ಚಿ ನೋಡಿ, ಮತ್ತೆ ಜೋಡಿಸಿದ ಮೇಲೆಯೇ ಬರೆಯಲು ಕೂರುತ್ತಿದ್ದಳು. ಅವಳ ಮೇಜಿನ ಖಾನೆ ಎಳೆದರೆ ಗುಜರಿ ಅಂಗಡಿಯಂತೆ ಗಲಗಲ ಅನ್ನುತ್ತಿತ್ತು.

ಅನುವಾದ ವಿಭಾಗಕ್ಕೆ ಯೆನ್ ಪೋವೆನ್ ಎಂಬವನು ಮುಖ್ಯಸ್ಥ. ಅಲ್ಲಿದ್ದವರಿಗೆಲ್ಲ ಕಸುಬು ಕಲಿಸಿದವನೇ ಅವನಾದ್ದರಿಂದ ಎಲ್ಲರೂ ಅವನನ್ನು ಮೇಷ್ಟ್ರು ಎಂದೇ ಕರೆಯುತ್ತಿದ್ದರು. ಬುದ್ಧಿವಂತ, ಮಾತುಗಾರ. ಆದರೆ ಯಾರ ಬರಹವೇ ಬರಲಿ, ತನ್ನ ಕೆಂಪು ಪೆನ್ನು ಅದರ ಮೇಲೆ ಆಡದಿದ್ದರೆ ಅವನಿಗೆ ತಿಂದ ಅನ್ನ ಮೈಗೆ ಹತ್ತುತ್ತಿರಲಿಲ್ಲ.

ಲುಕಾಂಗ್ ಊರಿನಲ್ಲಿ ನಲ್ಲಿ ಕಾರ್ಖಾನೆ ಇಟ್ಟಿದ್ದ ಷೀ ಚಿನ್‌ಫಾ ತೊಟ್ಟಿಕ್ಕದ ನಲ್ಲಿಯೊಂದನ್ನು ಕಂಡುಹಿಡಿದ. ಅದರೊಳಗೆ ಮೂರು ಪಿಂಗಾಣಿ ಬಿಲ್ಲೆಗಳು. ನಲ್ಲಿಯು ಮೂರು ಬಿಲ್ಲೆಗಳನ್ನು ಒಳಗೊಂಡಿದೆ ಎಂದು ಹ್ವೇಚಿನ್ ಮೂಲದಲ್ಲಿದ್ದಂತೆಯೇ ಇಂಗ್ಲಿಷಿನಲ್ಲಿ ಬರೆದಳು. ಅನುವಾದ ನಿಷ್ಠೆಯಿಂದ ಕೂಡಿದೆ ಎಂದು ಕೊನೆಯ ಹಾಳೆಯಲ್ಲಿ ರುಜು ಹಾಕಿ ಶುಕ್ರವಾರ ಮನೆಗೆ ಹೋದಳು. ಅವಳು ಅತ್ತ ಹೋದ ಮೇಲೆ ಯೆನ್ ಇತ್ತ "ಒಳಗೊಂಡಿದೆ" ಎಂಬುದನ್ನು ಹೊಡೆದು "ಇಷ್ಟರಿಂದಲೇ ಆಗಿದೆ" ಎಂದು ಮಾಡಿದ. ಆ ಒಂದು ಪುಟ ಬದಲಿಸಿ, ಅವಳ ರುಜುವಿನ ಹಾಳೆಯನ್ನು ಹಾಗೇ ಉಳಿಸಿ, ಅರ್ಜಿಯನ್ನು ಅಮೆರಿಕಕ್ಕೆ ಕಳಿಸಿಬಿಟ್ಟ.

ಓದುವವರಿಗೆ ಇದರಲ್ಲೇನು ವ್ಯತ್ಯಾಸ ಅನ್ನಿಸಬಹುದು. ಪೇಟೆಂಟಿನಲ್ಲಿ ಅದು ಬಾಗಿಲಿಗೂ ಗೋಡೆಗೂ ಇರುವ ವ್ಯತ್ಯಾಸ. ಮೊದಲಿನ ಮಾತಿದ್ದರೆ, ಆ ಮೂರು ಬಿಲ್ಲೆಗಳ ಜೊತೆಗೆ ಇನ್ನೇನೇ ಸೇರಿಸಿ ನಲ್ಲಿ ಮಾಡಿದರೂ ಅದು ಷೀಯಿಂದ ಕದ್ದದ್ದೇ. ಎರಡನೆಯ ಮಾತಿದ್ದರೆ, ಯಾವನೋ ಒಬ್ಬ ಒಂದು ರಬ್ಬರ್ ಉಂಗುರ ಹೆಚ್ಚಿಗೆ ತುರುಕಿ, ನನ್ನದು ಬೇರೆ ನಲ್ಲಿ ಅನ್ನಬಹುದು. ನಾಲ್ಕು ವರ್ಷದ ಮೇಲೆ ಅಮೆರಿಕದ ಒಬ್ಬ ವ್ಯಾಪಾರಿ ಮಾಡಿದ್ದೂ ಅದನ್ನೇ. ಷೀ ಅಲ್ಲಿನ ಕೋರ್ಟಿನಲ್ಲಿ ಸೋತ. ಸೋತದ್ದು ಈ ಮಾತಿನಿಂದ ಎಂದು ಅವನ ವಕೀಲರು ಬರೆದ ಕಾಗದ ಹಿಡಿದುಕೊಂಡು ತೈಪೆಗೆ ಬಂದ.

ವಿಭಾಗದ ಹದಿನಾರು ಜನರ ಎದುರಿಗೆ ಯೆನ್ ಕಡತ ತರಿಸಿ ಕೊನೆಯ ಹಾಳೆ ತೆಗೆದ. "ರುಜು ಯಾರದು ನೀವೇ ನೋಡಿ ಷೀ ಅವರೇ" ಎಂದ. "ಕೈ ಹಿಡಿದು ಕಲಿಸ್ದೆ ನಾನು. ಕೈಯೇನೋ ಕಲಿತ್ಕೊಳ್ತು, ತಲೆ ಕಲೀಲಿಲ್ಲ."

ತಾನು ಬರೆದದ್ದು ಹೀಗಲ್ಲ ಎಂದು ಹ್ವೇಚಿನ್ ಹೇಳಿದಳು. ಹಾಗಾದರೆ ನಿನ್ನ ಕರಡು ತೋರಿಸು ಎಂದ ಯೆನ್. ಹಳೆಯ ಕರಡುಗಳನ್ನೆಲ್ಲ ವರ್ಷವರ್ಷವೂ ಚೂರು ಮಾಡುವ ವ್ಯವಸ್ಥೆ ಅವನದೇ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆದ ಹಾಗಾಯಿತು. ಪಕ್ಕದ ಮೇಜಿನಲ್ಲಿ ರಸಾಯನ ವಿಷಯಗಳನ್ನು ಅನುವಾದಿಸುತ್ತಿದ್ದ ಹಿರಿಯ ಫಾಂಗ್ ತನ್ನ ಚಹಾದ ಲೋಟವನ್ನೇ ನೋಡುತ್ತ ಕುಳಿತಿದ್ದ.

ಅಷ್ಟಕ್ಕೇ ಬಿಡಲಿಲ್ಲ ಯೆನ್. ಅನಾನಸ್ ಕೇಕಿನ ಒಂದು ಡಬ್ಬಿ ಕೊಡಿಸಿ, ಲುಕಾಂಗಿಗೆ ಹೋಗಿ ಕ್ಷಮೆ ಕೇಳಿ ಬಾ ಎಂದು ಅವಳನ್ನು ಅಟ್ಟಿದ. ಕಾರ್ಖಾನೆಯ ಅಂಗಳದಲ್ಲಿ, ಕೆಲಸದವರು ಅತ್ತಿತ್ತ ಓಡಾಡುತ್ತಿದ್ದ ಹೊತ್ತಿನಲ್ಲಿ, ಅವಳು ಮೂರು ಸಲ ಸೊಂಟ ಬಾಗಿಸಿದಳು. ಷೀಯ ಹೆಂಡತಿ ಡಬ್ಬಿಯನ್ನು ಕೈಯಿಂದ ಮುಟ್ಟದೆ ಕಾಲಿನಿಂದ ಮೆಟ್ಟಿಲಾಚೆ ಸರಿಸಿದಳು. ಹಿಂದಿರುಗಿ ಬಂದರೆ ಕೆಲಸ ಹೋಗಿತ್ತು. ಆ ವಾರವೇ ಯೆನ್ ಊರಿನ ಮೂವತ್ತನಾಲ್ಕು ಕಚೇರಿಗಳಿಗೆ ಇಮೇಲ್ ಬರೆದ. ತೂ ಹ್ವೇಚಿನ್ ಎಂಬವಳಿಗೆ ಕೆಲಸ ಕೊಡುವ ಮುನ್ನ ಯೋಚಿಸಿ ಎಂಬುದು ಅದರ ತಾತ್ಪರ್ಯ. ಆಗ ಅವಳಿಗೆ ಮೂವತ್ತೇಳು ವರ್ಷ.

ಸಾನ್‌ಚುಂಗ್ ಬಡಾವಣೆಯ ಮೂರನೆಯ ಮಹಡಿಯಲ್ಲಿ ಅವಳೂ ಅವಳ ತಾಯಿಯೂ ಇದ್ದರು. ತಾಯಿಯ ಹೆಸರು ಬೊಂಗ್‌ಚಿ. ಹಾಗೆಂದರೆ, ಹುಟ್ಟಿದೆಯಲ್ಲ, ಹೇಗೋ ಸಾಕೋಣ ಎಂದರ್ಥ. ಐದನೆಯದೂ ಹೆಣ್ಣಾದಾಗ ಅವಳಪ್ಪ ಬೇಸತ್ತು ಇಟ್ಟ ಹೆಸರು. ಶಾಲೆಯ ಸಮವಸ್ತ್ರ ಹೊಲಿದು ಮಗಳನ್ನು ಓದಿಸಿದ ಬೊಂಗ್‌ಚಿಗೆ ಇಂಗ್ಲಿಷಿರಲಿ, ಚೀನೀ ಅಕ್ಷರಗಳೂ ಅರ್ಧಂಬರ್ಧ. ಆದರೆ ಅನ್ಯಾಯ ಅವಳಿಗೆ ಯಾವ ಭಾಷೆಯಲ್ಲಿದ್ದರೂ ಅರ್ಥವಾಗುತ್ತಿತ್ತು. ಅವಳು ಮಗಳನ್ನು ಷಿನ್‌ಚುವಾಂಗಿನ ಗುಡಿಗೆ ಎಳೆದುಕೊಂಡು ಹೋದಳು. ಅನ್ಯಾಯವಾದವರು ಪಾತಾಳದ ನ್ಯಾಯಾಧಿಪತಿಗೆ ದೂರು ಬರೆದು ಒಪ್ಪಿಸುವ ಗುಡಿ ಅದು. ಹೆಸರು, ಹುಟ್ಟಿದ ದಿನ, ಮನೆಯ ವಿಳಾಸ, ಆದ ಅನ್ಯಾಯ ಎಲ್ಲವನ್ನೂ ಹ್ವೇಚಿನ್ ಬರೆದಳು. ತಾಯಿ ಓದಿಸಿ ಕೇಳಿ, ಇದೇನು ಬಾಡಿಗೆ ಮನೆ ಕೇಳೋ ಹಾಗೆ ಬರೆದಿದ್ದೀಯ, ದೇವರಿಗೆ ಸ್ವಲ್ಪವಾದರೂ ಸಿಟ್ಟು ಬರಬೇಡವೇ ಎಂದು ಗದರಿದಳು.

ಬಸ್ಸಿನಲ್ಲಿ ಹಿಂದಿರುಗುವಾಗ ಹ್ವೇಚಿನ್ ಒಂದೇ ಮಾತು ಹೇಳಿದಳು. "ಅಮ್ಮಾ, ಅಲ್ಲಿ ಎಷ್ಟು ಜನರ ದೂರು ಮುಂದಿದೆಯೋ ಏನೋ. ಅಲ್ಲೀತನಕ ನಾನು ಸುಮ್ಮನೆ ಕೂರೋಳಲ್ಲ."

ಮೊದಲ ಎರಡು ವರ್ಷ ಅನ್ನ ಬೇಯಿಸುವ ಕುಕ್ಕರಿನ, ಬಟ್ಟೆ ಒಗೆಯುವ ಯಂತ್ರದ ಬಳಕೆ ಪುಸ್ತಕಗಳನ್ನು ಅನುವಾದ ಮಾಡಿದಳು. ಬಿಡುವಿನಲ್ಲಿ ಅಚ್ಚಾದ ಪೇಟೆಂಟುಗಳನ್ನು ಓದಿದಳು. ಬೇರೆಯವರು ಪತ್ತೇದಾರಿ ಕಾದಂಬರಿ ಓದುವಷ್ಟು ಮನಸ್ಸಿಟ್ಟು ಓದಿದಳು. ಒಬ್ಬೊಬ್ಬ ಅನುವಾದಕನ ವಾಕ್ಯಕ್ಕೂ ಒಂದೊಂದು ನಡಿಗೆ ಇರುತ್ತದೆ. ಒಬ್ಬ ಅಳೆದು ಹೆಜ್ಜೆ ಇಟ್ಟರೆ ಇನ್ನೊಬ್ಬ ಅಲ್ಪವಿರಾಮ ಕಂಡಲ್ಲೆಲ್ಲ ಉಸಿರು ತೆಗೆದುಕೊಳ್ಳುತ್ತಾನೆ. ಹೆಸರಿಲ್ಲದ ಆ ಹಾಳೆಗಳಲ್ಲಿ ಯಾರು ಒಳ್ಳೆಯವರು ಎಂದು ಅವಳು ಗುರುತಿಸತೊಡಗಿದಳು. ಅವರನ್ನು ಹುಡುಕಿ ಹೊರಡಲು ಒಬ್ಬ ಜೊತೆಗಾರ ಬೇಕಿತ್ತು.

ಅವನು ತಾನಾಗಿ ಬಂದ. ನಿವೃತ್ತನಾಗಿದ್ದ ಫಾಂಗ್ ಒಂದು ಬೆಳಿಗ್ಗೆ ಕಿತ್ತಳೆಯ ಚೀಲ ಹಿಡಿದು ಬಾಗಿಲಲ್ಲಿ ನಿಂತಿದ್ದ. ಆ ಶುಕ್ರವಾರ ಯೆನ್ ಪುಟ ಬದಲಿಸಿದ್ದನ್ನು ತಾನು ಕಣ್ಣಾರೆ ಕಂಡಿದ್ದೆ ಎಂದ. ತನ್ನ ಮಗಳಿಗೆ ಅದೇ ಕಚೇರಿಯಲ್ಲಿ ಕೆಲಸ ಕೊಡಿಸುವ ಆಸೆಯನ್ನು ಯೆನ್ ತೋರಿಸಿದ್ದರಿಂದ ಬಾಯಿ ಹೊಲಿದುಕೊಂಡಿದ್ದೆ, ಆ ಕೆಲಸವೂ ಸಿಗಲಿಲ್ಲ ಎಂದ. ಹ್ವೇಚಿನ್ ಕಿತ್ತಳೆಯ ಚೀಲವನ್ನು ಇಸಿದುಕೊಳ್ಳಲಿಲ್ಲ. ಇದನ್ನು ಬರೆದುಕೊಡುತ್ತೀರಾ ಎಂದು ಕೇಳಿದಳು. ಬರೆದರೆ ಕೆಲಸ ಸಿಗದ ಹೊಟ್ಟೆಕಿಚ್ಚು ಅನ್ನುತ್ತಾನೆ, ಯಾರು ನಂಬುತ್ತಾರೆ ಎಂದ ಫಾಂಗ್. ಅದು ನಿಜವೇ ಆಗಿತ್ತು.

"ನಿಮ್ಮ ಬಾಯಿಂದ ಬಂದ್ರೆ ಪ್ರಯೋಜನ ಇಲ್ಲ" ಎಂದಳು ಹ್ವೇಚಿನ್. "ಮೇಷ್ಟ್ರ ಬಾಯಿಂದಲೇ ಬರ್ಬೇಕು. ನೀವು ನನಗೆ ಜನ ಹುಡುಕಿಕೊಡಿ."

ಹೀಗೆ ಬೊಂಗ್‌ಚಿ ಅನುವಾದ ಕಚೇರಿ ಶುರುವಾಯಿತು. ತೂ ಹ್ವೇಚಿನ್ ಎಂದರೆ ಯಾರೂ ಕೆಲಸ ಕೊಡದ ಕಾರಣ ಎಲ್ಲವೂ ತಾಯಿಯ ಹೆಸರಿನಲ್ಲಿ. ಕಚೇರಿಯೆಂದರೆ ಹೊಲಿಗೆ ಯಂತ್ರದ ಪಕ್ಕದ ಮೇಜು. ಗುರುತಿಸಿಟ್ಟ ವಾಕ್ಯಗಳ ಒಡೆಯರನ್ನು ಇಬ್ಬರೂ ಒಬ್ಬೊಬ್ಬರನ್ನಾಗಿ ಹುಡುಕಿ ತೆಗೆದರು. ಮಗು ಹುಟ್ಟಿದ ಮೇಲೆ ಮನೆಯಲ್ಲುಳಿದ ಚಿಪ್ ಎಂಜಿನಿಯರ್ ಒಬ್ಬಳು, ಮೊದಲು ಹಡಗಿನ ಪಂಪು ರಿಪೇರಿ ಮಾಡುತ್ತಿದ್ದ ಪಾದ್ರಿ, ನ್ಯಾಯಾಲಯದಲ್ಲಿ ದುಭಾಷಿಗಳಾಗಿದ್ದ ಅಕ್ಕತಂಗಿಯರು. ತಿಂಗಳ ಮೊದಲ ಶನಿವಾರ ಒಂದು ಸಸ್ಯಾಹಾರಿ ಹೋಟೆಲಿನಲ್ಲಿ ಎಲ್ಲರೂ ಸೇರುತ್ತಿದ್ದರು. ಮಾಡಿದವರ ಹೆಸರಿಲ್ಲದೆ ಒಂದು ಹಾಳೆಯೂ ಹೊರಗೆ ಹೋಗಬಾರದು, ರುಜು ಹಾಕಿದ ಮೇಲೆ ಒಂದು ಅಕ್ಷರವನ್ನೂ ಅವರನ್ನು ಕೇಳದೆ ಮುಟ್ಟಬಾರದು ಎಂಬುದು ಹ್ವೇಚಿನ್ ಇಟ್ಟ ಕಟ್ಟಳೆ. ಒಳ್ಳೆಯವರು ಅದಕ್ಕಾಗಿಯೇ ಬಂದರು, ಬಂದವರು ಬಿಟ್ಟು ಹೋಗಲಿಲ್ಲ.

ಈ ನಡುವೆ ಯೆನ್ ಕೆಲಸ ಬಿಟ್ಟು ತನ್ನದೇ ಸಂಸ್ಥೆ ತೆರೆದಿದ್ದ. ದೊಡ್ಡ ಬೀದಿಯಲ್ಲಿ ಗಾಜಿನ ಬಾಗಿಲು, ಚಿನ್ನದ ಬಣ್ಣದ ಬೋರ್ಡು. ಅನುವಾದ ಬೇರೆಯವರಿಂದ ಮಾಡಿಸಿ, ಹೆಸರು ಅಳಿಸಿ, ಮೇಲೆ ಕೆಂಪು ಪೆನ್ನು ಆಡಿಸಿ ತನ್ನದೆಂದು ಕೊಡುತ್ತಿದ್ದ. ಅವನಿಂದ ನೊಂದು ಬಂದವರೇ ಹ್ವೇಚಿನ್ ಬಳಿ ಏಳೆಂಟು ಜನ ಇದ್ದರು. ಬೊಂಗ್‌ಚಿ ಎಂಬ ಹೆಸರು ಅವನ ಕಿವಿಗೂ ಬಿದ್ದಿತ್ತು. ಯಾವುದೋ ಹಳ್ಳಿ ಮುದುಕಿಯ ಅಂಗಡಿ, ಬಾತುಕೋಳಿ ಮೊಟ್ಟೆಯ ಜೊತೆ ಅನುವಾದವನ್ನೂ ಮಾರುತ್ತಾಳೇನೋ ಎಂದು ಒಂದು ಔತಣದಲ್ಲಿ ನಗಾಡಿದನಂತೆ. ಪಾದ್ರಿ ಬಂದು ಹೇಳಿದಾಗ ಹ್ವೇಚಿನ್ ತಾನೂ ನಕ್ಕಳು. ನಗುತ್ತ ಆ ಮಾತನ್ನು ಒಳಗೆ ಕಟ್ಟಿಟ್ಟುಕೊಂಡಳು.

ಒಂಬತ್ತನೆಯ ವರ್ಷ ಅವಳು ಕಾದಿದ್ದ ದಿನ ಬಂತು. ಷಿನ್‌ಚು ನಗರದ ಒಂದು ಚಿಪ್ ಕಂಪನಿ ನಲವತ್ತೊಂದು ಪೇಟೆಂಟ್ ಅರ್ಜಿಗಳನ್ನು ಏಳು ವಾರದೊಳಗೆ ಇಂಗ್ಲಿಷ್ ಮಾಡಿಸಬೇಕಿತ್ತು. ಜೊತೆಗೆ ಹಳೆಯ ಒಂದು ವ್ಯಾಜ್ಯಕ್ಕಾಗಿ ಅಮೆರಿಕದ ವಕೀಲರು ಬಂದು ಸಂಶೋಧಕರನ್ನು ಪ್ರಶ್ನಿಸುವವರಿದ್ದರು, ಅದಕ್ಕೆ ದುಭಾಷಿಗಳು ಬೇಕಿದ್ದರು. ಕೆಲಸ ಯೆನ್‌ಗೆ ಸಿಕ್ಕಿತು. ಪಡೆಯುವಾಗ ಅವನು ನನ್ನ ಬಳಿ ಇಂಥಿಂಥವರಿದ್ದಾರೆ ಎಂದು ಹನ್ನೆರಡು ಜನರ ಹೆಸರು ಬರೆದುಕೊಟ್ಟಿದ್ದ. ಅವರಲ್ಲಿ ಒಬ್ಬರನ್ನೂ ಕೇಳಿರಲಿಲ್ಲ, ಫೋನ್ ಮಾಡಿದರೆ ಯಾರು ತಾನೇ ಬರುವುದಿಲ್ಲ ಎಂಬ ಧೈರ್ಯ. ಹನ್ನೆರಡೂ ಜನ ಶನಿವಾರದ ಊಟಕ್ಕೆ ಬರುವವರೇ ಆಗಿದ್ದರು.

ಯೆನ್ ಫೋನ್ ಮಾಡಿದ ಮೇಲೆ ಅವರು ಬಂದು ಏನು ಮಾಡೋಣ ಎಂದು ಕೇಳಿದಾಗ ಹ್ವೇಚಿನ್, ಇಲ್ಲ ಅನ್ನಬೇಡಿ, ಹೂಂ ಅಂತಲೂ ಅನ್ನಬೇಡಿ, ನೋಡೋಣ ಮೇಷ್ಟ್ರೇ ಅನ್ನಿ ಎಂದಳು.

ಎರಡು ವಾರ ಎಲ್ಲರೂ ನೋಡೋಣ ಮೇಷ್ಟ್ರೇ ಅಂದರು. ಮೂರನೆಯ ವಾರದ ಸೋಮವಾರ ಹನ್ನೆರಡೂ ಜನ, ಒಬ್ಬರಾದ ಮೇಲೆ ಒಬ್ಬರು, ಆಗುವುದಿಲ್ಲ ಎಂದು ತಿಳಿಸಿದರು. ಯೆನ್ ವಿಶ್ವವಿದ್ಯಾಲಯಗಳ ಫಲಕಗಳಲ್ಲಿ ಚೀಟಿ ಹಚ್ಚಿಸಿದ, ಹಾಂಗ್‌ಕಾಂಗಿಗೆ ಫೋನ್ ಮಾಡಿದ, ಸಿಕ್ಕಸಿಕ್ಕವರಿಗೆ ಪರೀಕ್ಷೆಯ ಹಾಳೆ ಕೊಟ್ಟ. ಒಂದರೊಳಗೊಂದು ಕೂರುವ ಗಂಡು ಕೊಂಡಿ, ಹೆಣ್ಣು ಕೊಂಡಿಗಳನ್ನು ಒಬ್ಬ ಪುಣ್ಯಾತ್ಮ ಗಂಡ ಹೆಂಡತಿ ಎಂದು ಅನುವಾದ ಮಾಡಿ ಕಳಿಸಿದ್ದನಂತೆ. ಯೆನ್ ಅಳೆಯುತ್ತಿರುವ ಬೀದಿಗಳ ಸುದ್ದಿ ದಿನಾ ಹ್ವೇಚಿನ್‌ಗೆ ತಲುಪುತ್ತಿತ್ತು. ಅವಳು ಎರಡು ಬಟ್ಟಲು ಅನ್ನ ಹೆಚ್ಚಿಗೆ ಉಣ್ಣುತ್ತಿದ್ದಳು.

ಫಾಂಗ್‌ಗೆ ಮಾತ್ರ ಸಮಾಧಾನವಿರಲಿಲ್ಲ. "ಹ್ವೇಚಿನ್, ಷಿನ್‌ಚುವಿನವರು ನಿನಗೇನು ಮಾಡಿದ್ದಾರಮ್ಮ? ದಿನ ತಪ್ಪಿದ್ರೆ ಅವರ ಹಕ್ಕೆಲ್ಲ ಮಣ್ಣುಪಾಲು. ಷೀಗೆ ಆದದ್ದೇ ಅವರಿಗೂ ಆಗುತ್ತೆ."

"ದಿನ ನನಗೂ ಎಣಿಸೋಕೆ ಬರುತ್ತೆ ಫಾಂಗ್ ಅಣ್ಣ" ಎಂದಳು ಅವಳು. "ಇಪ್ಪತ್ತಮೂರು ಜನರ ಕೈ ಖಾಲಿ ಇಟ್ಕೊಂಡು ಕೂತಿದೀನಿ. ಬೇರೆ ಯಾವ ಕೆಲಸವನ್ನೂ ತಗೊಂಡಿಲ್ಲ. ಹದಿನೆಂಟು ದಿನ ಸಾಕು ನಮಗೆ. ಹತ್ತೊಂಬತ್ತು ದಿನ ಉಳಿಯೋ ತನಕ ಮೇಷ್ಟ್ರು ಬೇಯಲಿ."

ಒಳ್ಳೆಯವರೆಲ್ಲ ಯಾವ ಕಚೇರಿಯಲ್ಲಿದ್ದಾರೆ ಎಂದು ಯೆನ್‌ಗೂ ಕೊನೆಗೆ ತಿಳಿಯಿತು. ಇಪ್ಪತ್ತನಾಲ್ಕು ದಿನ ಉಳಿದಿದ್ದಾಗ ಬೊಂಗ್‌ಚಿ ಕಚೇರಿಯ ಫೋನ್ ರಿಂಗಾಯಿತು. ಎತ್ತಿದ್ದು ತಾಯಿ. ಆ ಕಡೆಯ ನಯವಾದ ಮಾತನ್ನೆಲ್ಲ ಕೇಳಿ, ಮೂರನೇ ಮಹಡಿ, ಲಿಫ್ಟ್ ಇಲ್ಲ, ಹತ್ತಿಕೊಂಡು ಬಾ ಎಂದು ಇಟ್ಟುಬಿಟ್ಟಳು.

ಯೆನ್ ಏದುಸಿರು ಬಿಡುತ್ತ ಬಂದು, ಕರವಸ್ತ್ರದಿಂದ ಕತ್ತು ಒರೆಸಿಕೊಳ್ಳುತ್ತ ತಲೆಯೆತ್ತಿದರೆ ಎದುರಿಗೆ ಹ್ವೇಚಿನ್. ಅವನ ಮುಖ ಇಂಗು ತಿಂದ ಮಂಗನಂತಾಯಿತು. ಆದರೂ ಮಾತುಗಾರ, ಬೇಗ ಸಾವರಿಸಿಕೊಂಡ. ತನ್ನ ಶಿಷ್ಯೆ ಇಷ್ಟು ಬೆಳೆದದ್ದು ಕಂಡು ಹೆಮ್ಮೆಯಾಗುತ್ತದೆ ಎಂದ. ಹಳೆಯದನ್ನೆಲ್ಲ ಮರೆತು ಕೂಡಿ ಕೆಲಸ ಮಾಡೋಣ, ಬೇಕಾದಷ್ಟು ಕೇಳು ಎಂದ.

ಹ್ವೇಚಿನ್ ಚಹಾ ಕೊಡಲಿಲ್ಲ, ಕುಳಿತುಕೊಳ್ಳಿ ಎನ್ನಲೂ ಇಲ್ಲ.

"ಮೊದಲು ಲುಕಾಂಗಿಗೆ ಬನ್ನಿ ಮೇಷ್ಟ್ರೇ. ಷೀ ಅವರ ಎದುರಿಗೆ ನಿಂತು ಯಾವ ಮಾತನ್ನ ಯಾರು ಬದಲಾಯಿಸಿದ್ದು ಅಂತ ಹೇಳಿ. ಅದನ್ನೇ ಬರೆದು ರುಜು ಹಾಕಿ. ಆವತ್ತು ಮೂವತ್ತನಾಲ್ಕು ಕಡೆ ಬರೆದಿದ್ರಲ್ಲ, ಅಷ್ಟೂ ಕಡೆ ಕಳಿಸಿ. ಆಮೇಲೆ ನಮ್ಮ ಜನರನ್ನ ನಿಮ್ಮ ಪರವಾಗಿ ನಾನೇ ಕೇಳ್ತೀನಿ."

"ಯಾವ ಕಾಲದ್ದೋ ಒಂದು ಪದಕ್ಕೆ ಇಷ್ಟೊಂದಾ?" ಎಂದ ಯೆನ್.

ಮೂಲೆಯಲ್ಲಿ ಗುಂಡಿ ಹೊಲಿಯುತ್ತಿದ್ದ ಬೊಂಗ್‌ಚಿ ತಲೆಯೆತ್ತದೆ ಹೇಳಿದಳು. "ಒಂದೇ ಪದ ತಾನೇ. ಹಂಗಾದ್ರೆ ಹೇಳೋಕೆ ಎಷ್ಟೊತ್ತು?"

ಅವನು ಬಾಗಿಲು ಬಡಿದುಕೊಂಡು ಹೋದ. ಎರಡು ದಿನ ಸುದ್ದಿಯಿಲ್ಲ. ಆ ಎರಡು ದಿನ ಹ್ವೇಚಿನ್ ಹೆಚ್ಚಿಗೆ ಅನ್ನ ಹಾಕಿಸಿಕೊಳ್ಳಲಿಲ್ಲ. ಫಾಂಗ್ ಹೇಳಿದ ಮಾತು ಕಾಲಿಗೆ ಚುಚ್ಚಿದ ಮುಳ್ಳಿನಂತಾಗಿತ್ತು. ಮೂರನೆಯ ಬೆಳಿಗ್ಗೆ ತೈಪೆ ರೈಲು ನಿಲ್ದಾಣದಲ್ಲಿ ಯೆನ್ ಹಾಜರಾದ, ಬಗಲಲ್ಲಿ ಒಂದು ಉಡುಗೊರೆ ಡಬ್ಬಿ. ಫಾಂಗ್ ಸಾಕ್ಷಿಯಾಗಿ ಜೊತೆಗೆ ಬಂದ. ಚಾಂಗ್‌ಹ್ವಾ ತನಕ ರೈಲು, ಅಲ್ಲಿಂದ ಬಸ್ಸು. ಮೂವರೂ ದಾರಿಯುದ್ದಕ್ಕೂ ಕಿಟಕಿ ನೋಡಿದರೇ ಹೊರತು ಒಬ್ಬರನ್ನೊಬ್ಬರು ನೋಡಲಿಲ್ಲ.

ಷೀ ಚಿನ್‌ಫಾನ ಕಾರ್ಖಾನೆ ಅರ್ಧಕ್ಕಿಳಿದಿತ್ತು. ಮುದುಕನಾಗಿದ್ದ. ಹೆಂಡತಿ ತೀರಿಹೋಗಿ ಮೂರು ವರ್ಷವಾಗಿತ್ತು. ಬಂದವರನ್ನು ಗುರುತು ಹಿಡಿದು, ಲೇತ್ ಯಂತ್ರ ನಿಲ್ಲಿಸಿ, ಎಣ್ಣೆಯ ಕೈ ಒರೆಸಿಕೊಳ್ಳುತ್ತ ನಿಂತ. ಕೆಲಸದವರು ನಾಲ್ಕೈದು ಜನ ಕತ್ತು ಚಾಚಿದರು.

ಯೆನ್ ಗಂಟಲು ಸರಿಮಾಡಿಕೊಂಡು ಶುರುಮಾಡಿದ. ಆ ಕಾಲದಲ್ಲಿ ಅನುವಾದದಲ್ಲಿ ಒಂದು ಬದಲಾವಣೆ ಆಗಿತ್ತು, ಅದರಿಂದ ಷೀ ಅವರಿಗೆ ನಷ್ಟವಾಯಿತು ಎಂದ.

"ಆಗಿತ್ತು ಅಂದ್ರೆ? ತಾನೇ ಆಯ್ತಾ?" ಎಂದು ಹ್ವೇಚಿನ್ ನಡುವೆ ಕೇಳಿದಳು.

ವಿಭಾಗದಲ್ಲಿ ಮಾಡಲಾಗಿತ್ತು ಎಂದ ಯೆನ್.

"ವಿಭಾಗಕ್ಕೆ ಕೈ ಇತ್ತಾ ಮೇಷ್ಟ್ರೇ?"

ಯೆನ್‌ನ ಕಿವಿಗಳು ಕೆಂಪಾದವು. ಎಲ್ಲರೂ ಕಾಯುತ್ತಿದ್ದರು. "ನಾನು" ಎಂದ ಕೊನೆಗೆ. "ನಾನು ಬದಲಾಯಿಸಿದ್ದು. ಈಕೆ ಬರೆದದ್ದು ಸರಿಯಾಗಿತ್ತು. ಈಕೆಗೆ ಗೊತ್ತೂ ಇರಲಿಲ್ಲ."

ಷೀ ಕೇಳಿದ್ದು ಒಂದೇ ಪ್ರಶ್ನೆ, ಯಾಕೆ ಬದಲಾಯಿಸಿದೆ ಎಂದು. ವೈರಿಯ ಕಡೆಯವರು ಏನಾದರೂ ಕೊಟ್ಟಿದ್ದರೇ? ಯಾರಾದರೂ ಹೆದರಿಸಿದ್ದರೇ?

"ಇಲ್ಲ" ಎಂದ ಯೆನ್. "ಹಾಗಿದ್ರೆ ವಾಕ್ಯ ಚೆನ್ನಾಗಿ ಕೇಳಿಸುತ್ತೆ ಅನ್ನಿಸ್ತು."

ಮುದುಕ ನಗತೊಡಗಿದ. ಕೆಮ್ಮು ಬಂದು ಕಣ್ಣಲ್ಲಿ ನೀರು ಸುರಿಯುವ ತನಕ ನಕ್ಕ. ಇಷ್ಟು ವರ್ಷ ಯಾವನೋ ದೊಡ್ಡ ಕಳ್ಳ ತನ್ನನ್ನು ಹೂತುಹಾಕಿದನೆಂದು ಒಂದು ಬಗೆಯ ಗೌರವದಿಂದ ನಂಬಿಕೊಂಡಿದ್ದೆ ಎಂದು ಕೆಲಸದವರ ಕಡೆ ತಿರುಗಿ ಹೇಳಿದ. ಆಮೇಲೆ ಯೆನ್ ತಂದ ಡಬ್ಬಿಯನ್ನು ಅವನ ಬಗಲಿಗೇ ಒತ್ತಿ, ಹೋಗು ಎಂಬಂತೆ ಗೇಟಿನ ಕಡೆ ಗದ್ದ ಆಡಿಸಿದ. ಹ್ವೇಚಿನ್ ಮತ್ತು ಫಾಂಗ್ ಇಬ್ಬರನ್ನೂ ಕೂರಿಸಿ ಸಿಂಪಿಯ ಮಾಂಸ ಹಾಕಿದ ಶಾವಿಗೆ ತರಿಸಿದ. ಅವಳಲ್ಲಿ ಕ್ಷಮೆ ಕೇಳಲಿಲ್ಲ. ತನ್ನ ಬಟ್ಟಲಿನ ಸಿಂಪಿಗಳನ್ನೆಲ್ಲ ಆರಿಸಿ ಅವಳ ಬಟ್ಟಲಿಗೆ ಹಾಕಿದ.

ಯೆನ್ ಬರೆದುಕೊಟ್ಟ. ಮೂವತ್ತನಾಲ್ಕೂ ಕಡೆ ಹೋಯಿತು. ಹ್ವೇಚಿನ್ ತಾನು ಕೊಟ್ಟ ಮಾತಿನಂತೆ ಆ ಹನ್ನೆರಡು ಜನರನ್ನು ಕರೆಸಿ, ಯೆನ್ ಮೇಷ್ಟ್ರು ತಮ್ಮ ಕೆಲಸಕ್ಕೆ ಬರುತ್ತೀರಾ ಎಂದು ಕೇಳುತ್ತಿದ್ದಾರೆ ಎಂದು, ತನ್ನದೊಂದು ಮಾತೂ ಸೇರಿಸದೆ, ಕೇಳಿದಳು. ಕೇಳುತ್ತೇನೆ ಎಂದಿದ್ದಳೇ ಹೊರತು ಒಪ್ಪಿಸುತ್ತೇನೆ ಎಂದಿರಲಿಲ್ಲ. ಹನ್ನೆರಡು ಜನರೂ ಬರುವುದಿಲ್ಲ ಎಂದರು. ಅವರು ಏನು ಹೇಳುತ್ತಾರೆಂದು ಅವಳಿಗೆ ಮೊದಲೇ ಗೊತ್ತಿತ್ತು. ಯೆನ್ ಷಿನ್‌ಚುವಿಗೆ ಹೋಗಿ ಕೈಚೆಲ್ಲಿದ. ಹತ್ತೊಂಬತ್ತು ದಿನ ಉಳಿದಿದ್ದಾಗ, ಆ ಹನ್ನೆರಡು ಜನ ಇರುವುದೆಲ್ಲಿ ಎಂದು ವಿಚಾರಿಸಿಕೊಂಡು, ಕಂಪನಿಯವರೇ ಮೂರು ಮಹಡಿ ಹತ್ತಿ ಬಂದರು. ಬೊಂಗ್‌ಚಿ ಅವರಿಗೆ ಚಹಾ ಕೊಟ್ಟಳು. ಇಪ್ಪತ್ತಮೂರು ಜನ ಹದಿನೇಳು ದಿನದಲ್ಲಿ ನಲವತ್ತೊಂದನ್ನೂ ಮುಗಿಸಿದರು.

ಆ ಮೂವತ್ತನಾಲ್ಕು ಕಚೇರಿಗಳಲ್ಲಿ ಮೂರರಿಂದ ಮಾತ್ರ ಉತ್ತರ ಬಂತು. ತಿಳಿಸಿದ್ದಕ್ಕೆ ವಂದನೆ ಎಂದು ಎರಡು ಕಡೆಯವರು ಬರೆದಿದ್ದರು. ಮೂರನೆಯವರು, ತೂ ಹ್ವೇಚಿನ್ ಯಾರೆಂದು ನಮ್ಮಲ್ಲಿ ಯಾರಿಗೂ ನೆನಪಿಲ್ಲ, ಬಹುಶಃ ತಪ್ಪು ವಿಳಾಸಕ್ಕೆ ಕಳಿಸಿದ್ದೀರಿ ಎಂದು ಬರೆದಿದ್ದರು. ಅದನ್ನು ಅವಳು ಎರಡು ಸಲ ಓದಿದಳು. ಒಂಬತ್ತು ವರ್ಷ ಯಾವ ಅವಮಾನವನ್ನು ಊರೆಲ್ಲ ಬಲ್ಲದೆಂದು ತಲೆ ತಗ್ಗಿಸಿ ನಡೆದಿದ್ದಳೋ ಅದು ಊರಿಗೆ ಯಾವತ್ತೋ ಮರೆತುಹೋಗಿತ್ತು. ತಾಯಿಗೆ ಓದಿ ಹೇಳಿದಾಗ ಬೊಂಗ್‌ಚಿ, ಊರು ಮರೆತರೇನು, ಮಾಡಿದವನು ಮರೆತಿರಲಿಲ್ಲವಲ್ಲ ಎಂದಳು. ಅದೂ ನಿಜವೋ ಅಲ್ಲವೋ ಹ್ವೇಚಿನ್‌ಗೆ ತಿಳಿಯಲಿಲ್ಲ.

ಅಮೆರಿಕದ ವಕೀಲರ ವಿಚಾರಣೆಗೆ ದುಭಾಷಿಯಾಗಿ ಅವಳೇ ಹೋದಳು. ದಾಖಲೆಗಾಗಿ ಹೆಸರು ಹೇಳಿ ಎಂದಾಗ ತನ್ನ ಹೆಸರನ್ನೇ ಹೇಳಿದಳು. ಮೂರು ದಿನ ಬೇರೆಯವರ ಮಾತನ್ನು ಕೂದಲೆಳೆಯಷ್ಟೂ ಹೆಚ್ಚುಕಡಿಮೆಯಾಗದಂತೆ ಆಚೆಯಿಂದ ಈಚೆಗೆ ದಾಟಿಸಿದಳು.

ಮುಂದಿನ ವಸಂತದಲ್ಲಿ ಯೆನ್ ಕಚೇರಿ ಮುಚ್ಚಿದ. ಬೋರ್ಡು ಇಳಿಸುವ ದಿನ ಯಾವುದೆಂದು ಹ್ವೇಚಿನ್ ವಿಚಾರಿಸಿ ತಿಳಿದುಕೊಂಡಿದ್ದಳು. ಎದುರಿನ ಅಂಗಡಿಯಲ್ಲಿ ಹಂದಿಮಾಂಸದ ಬಿಸಿ ಬನ್ನು ಕೊಂಡು, ಕಮಾನಿನ ನೆರಳಿನಲ್ಲಿ ನಿಂತು ತಿನ್ನುತ್ತ ನೋಡಿದಳು. ಏಣಿ ಹತ್ತಿದ ಇಬ್ಬರು ತಿರುಪುಗಳನ್ನು ಬಿಚ್ಚಿದರು. ಒಂದು ಮೂಲೆ ತುಕ್ಕು ಹಿಡಿದಿದ್ದರಿಂದ ಸುತ್ತಿಗೆಯಲ್ಲಿ ಹೊಡೆಯಬೇಕಾಯಿತು. ಯೆನ್ ಕೆಳಗೆ ನಿಂತು, ಎಡಕ್ಕೆ, ಸ್ವಲ್ಪ ಬಲಕ್ಕೆ ಎಂದು ಕೈ ಆಡಿಸುತ್ತಿದ್ದ. ಏಣಿಯ ಮೇಲಿನವರು ಅವನ ಮಾತು ಕೇಳುತ್ತಿರಲಿಲ್ಲ. ಬೋರ್ಡು ಗಾಡಿಗೆ ಏರುವ ತನಕ ಹ್ವೇಚಿನ್ ಕದಲಲಿಲ್ಲ. ಕೈ ಒರೆಸಿಕೊಂಡು, ತಾಯಿಗೆಂದು ಇನ್ನೆರಡು ಬನ್ನು ಕಟ್ಟಿಸಿಕೊಂಡು ಬಸ್ಸು ಹಿಡಿದಳು.